ಹಲ್ಲಕ್ಕನಿಗಿಂತ ಮೊದಲು ಬಂದವಳು

ಹಲ್ಲಕ್ಕನ ಮನೆಯ ಮೆಟ್ಟಿಲನ್ನು ನಾನು ಮೊದಲ ಸಲ ಹತ್ತಿದ್ದು ನನ್ನ ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು. ಬೆಳಿಗ್ಗೆ ತೊಳೆಯುವಾಗ ಕೈಜಾರಿ ಬಿದ್ದು ಕಟ್ಟಿಸಿದ ಹಲ್ಲಿನ ಮೇಲಿನ ಸೆಟ್ಟು ಎರಡು ಹೋಳಾಗಿತ್ತು. ದಂತವೈದ್ಯರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಾನು ಕಳಿಸಿದ್ರೆ ತಡ ಆಗುತ್ತೆ. ನೀವೇ ತಗೊಂಡು ಹೋಗಿ, ಕೂತಲ್ಲೇ ಮಾಡಿಕೊಡ್ತಾರೆ," ಎಂದು ವಿಳಾಸ ಕೊಟ್ಟರು.

ಹಳೆಯ ಕಟ್ಟಡದ ಮೂರನೇ ಮಹಡಿ. ಮುಂದಿನ ಕೋಣೆಯೇ ಕೆಲಸದ ಜಾಗ. ಕಿಟಕಿಯ ಉದ್ದಕ್ಕೂ ಒಂದು ಮೇಜು, ಅದರ ಮೇಲೆ ಸ್ಪಿರಿಟ್ ದೀಪ, ಗುಲಾಬಿ ಬಣ್ಣದ ಮೇಣದ ಹಾಳೆಗಳು, ಉಜ್ಜುವ ಯಂತ್ರ. ಗೋಡೆಯ ಹಲಗೆಯ ಮೇಲೆ ಪ್ಲಾಸ್ಟರಿನಲ್ಲಿ ಮಾಡಿದ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಕೂತಿದ್ದವು. ಮುಖಗಳೆಲ್ಲ ಎದ್ದು ಹೋಗಿ ಬಾಯಿ ಮಾತ್ರ ಉಳಿದಂತೆ. ಅವುಗಳ ನಡುವೆ ಬೂದುಬಣ್ಣದ ಏಪ್ರನ್ ತೊಟ್ಟ, ಅರವತ್ತರ ಅಂಚಿನ, ನೆಟ್ಟಗೆ ಕೂತ ಒಬ್ಬ ಹೆಂಗಸು. ಇಡೀ ಬೀದಿ ಅವರನ್ನು ಹಲ್ಲಕ್ಕ ಎನ್ನುತ್ತಿತ್ತು. ನಿಜವಾದ ಹೆಸರು ಪೋಸ್ಟ್‌ಮ್ಯಾನ್‌ಗೆ ಮಾತ್ರ ಗೊತ್ತು ಎಂದು ಅವರೇ ನಗುತ್ತಿದ್ದರು.

ಹೋಳುಗಳನ್ನು ಮೇಣದಿಂದ ಕೂಡಿಸುತ್ತಿದ್ದಾಗ ಮೇಜಿನ ಅಂಚಿಗೆ ಅಂಟಿಸಿದ್ದ ಒಂದು ಚೀಟಿ ನನ್ನ ಕಣ್ಣಿಗೆ ಬಿತ್ತು. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದ ಆ ದಿನದ ಕೆಲಸಗಳು. ಒಂದೆರಡಕ್ಕೆ ಆಗಲೇ ಗೆರೆ ಎಳೆದಾಗಿತ್ತು. ನಾನು ಬೊಚ್ಚು ಬಾಯಲ್ಲಿ ಅದೇನೆಂದು ಕೇಳಿದೆ. ನನ್ನ ಮಾತು ನನಗೇ ಅರ್ಥವಾಗಲಿಲ್ಲ, ಅವರಿಗೆ ಅರ್ಥವಾಯಿತು.

"ಅದರ ಕತೆ ದೊಡ್ಡದು," ಎಂದರು. "ಹೇಗೂ ಸೆಟ್ಟು ಆಗೋವರೆಗೆ ನೀವು ನಡುವೆ ಬಾಯಿ ಹಾಕೋ ಹಾಗಿಲ್ಲ. ಕೇಳಿ."

ಪಟ್ಟಿ ಬರೆಯುವುದನ್ನು ಅವರಿಗೆ ಕಲಿಸಿದ್ದು ಅವರ ಅಣ್ಣ. ಅಮ್ಮ ತೀರಿಕೊಂಡಾಗ ಹಲ್ಲಕ್ಕ ಇನ್ನೂ ಸಣ್ಣ ಹುಡುಗಿ. ಬೆಳಿಗ್ಗೆ ಎದ್ದು ಹಾಸಿಗೆಯ ಮೇಲೆ ಕೂತರೆ ಕೂತೇ ಬಿಡುತ್ತಿದ್ದಳು. ಮುಂದೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ಅಣ್ಣ ನೋಟ್‌ಬುಕ್ಕಿನ ಹಾಳೆ ಹರಿದು ಬರೆದುಕೊಟ್ಟ: ಮುಖ ತೊಳಿ. ತಲೆ ಬಾಚಿಕೊ. ಶಾಲೆಗೆ ಹೋಗು. "ಇಷ್ಟೇ ಪುಟ್ಟಿ. ಇದನ್ನ ಮಾಡ್ತಾ ಹೋಗು, ಸಾಯಂಕಾಲ ತಾನಾಗೇ ಬರುತ್ತೆ," ಎಂದ. ಅಂದಿನಿಂದ ಅವರು ಪಟ್ಟಿಯಿಲ್ಲದೆ ದಿನ ಶುರು ಮಾಡಿದವರಲ್ಲ. ಬೆಳಿಗ್ಗೆ ಕೆಲಸದ ದೀಪ ಹಚ್ಚುವ ಮೊದಲು ಬರೆಯಬೇಕು. ಅಂಗೈಯಷ್ಟು ಕಾಗದಕ್ಕಿಂತ ದೊಡ್ಡದಿರಬಾರದು. ಮುಗಿದದ್ದಕ್ಕೆ ಗೆರೆ, ಉಳಿದದ್ದು ನಾಳೆಗೆ. ಹಲ್ಲಿನ ಕೆಲಸ ಕಲಿತದ್ದು, ಸ್ವಂತ ಮೇಜು ಹಾಕಿಕೊಂಡದ್ದು, ಈ ಮನೆ ಹಿಡಿದದ್ದು ಎಲ್ಲವೂ ಒಂದಲ್ಲ ಒಂದು ದಿನ ಪೆನ್ಸಿಲಿನ ಸಾಲಾಗಿ ಬಂದು ಗೆರೆ ಎಳೆಸಿಕೊಂಡಂಥವು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಪಟ್ಟಿಯಲ್ಲಿ ಇರಲಿಲ್ಲ," ಎನ್ನುತ್ತಿದ್ದರು.

ಮುಂದೆ ಆ ಅಣ್ಣ ಹಾಸಿಗೆ ಹಿಡಿದ. ಹಲ್ಲಕ್ಕ ದಿನವೂ ಊರಿನ ಇನ್ನೊಂದು ತುದಿಯಲ್ಲಿದ್ದ ಅವನ ಮನೆಗೆ ಹೋಗುತ್ತಿದ್ದರು, ಕೈಯಲ್ಲಿ ಪಟ್ಟಿ ಹಿಡಿದುಕೊಂಡೇ. ಮಾತ್ರೆ ತರುವುದು, ಚಾದರ ಒಗೆಯುವುದು, ಡಾಕ್ಟರಿಗೆ ಫೋನ್ ಮಾಡುವುದು. ಒಂದು ಮಧ್ಯಾಹ್ನ ಅತ್ತಿಗೆ ತಡೆದರು. "ಎಲ್ಲ ಇರ್ಲಿ. ಒಂದು ಗಳಿಗೆ ಅವರ ಹತ್ತಿರ ಕೂತ್ಕೊ."

"ಇನ್ನೊಂದೇ ಕೆಲಸ ಇದೆ ಅತ್ತಿಗೆ, ಮಾತ್ರೆ ತಂದುಬಿಡ್ತೀನಿ," ಎಂದು ಹಲ್ಲಕ್ಕ ಹೊರಟರು. ಅಂಗಡಿಯಿಂದ ವಾಪಸ್ಸು ಬರುವಷ್ಟರಲ್ಲಿ ಅಣ್ಣ ಇರಲಿಲ್ಲ. ಅತ್ತಿಗೆ ಅವರ ಕೈಯಲ್ಲಿದ್ದ ಮಾತ್ರೆಯ ಪೊಟ್ಟಣ ನೋಡಿ, "ಮುಗೀತಾ ನಿನ್ನ ಪಟ್ಟಿ?" ಎಂದಷ್ಟೇ ಕೇಳಿದರು. ಆಮೇಲೆ ಇಬ್ಬರ ನಡುವೆ ಮಾತು ನಿಂತುಹೋಯಿತು.

ಅಂದಿನಿಂದ ಹಲ್ಲಕ್ಕನ ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಸೇರಿಕೊಂಡಿತು: ಅತ್ತಿಗೆ ಮನೆ. ಪ್ರತಿದಿನ ಬರೆಯುವುದು, ಪ್ರತಿದಿನ ನಾಳೆಗೆ ಬಿಡುವುದು. ವರ್ಷಗಳು ಹೀಗೇ ಕಳೆದವು.

ಒಂದು ಬೆಳಿಗ್ಗೆ ಪಟ್ಟಿಯ ಮೊದಲ ಸಾಲಿನಲ್ಲಿ ಟೈಲರ್ ಹತ್ತಿರ ಪರದೆ ತರುವುದು ಎಂದಿತ್ತು. ಹಲ್ಲಕ್ಕ ಕೆಳಗಿಳಿದು, ಅಲ್ಲಿ ಇಲ್ಲಿ ಸುತ್ತಿ ಅಂಗಡಿಗೆ ಹೋದರು. ಟೈಲರ್ ಕತ್ತರಿ ಕೆಳಗಿಟ್ಟು ಮುಖ ತುಂಬ ನಕ್ಕ.

"ಏನಕ್ಕಾ, ಏನಾದ್ರೂ ಬಿಟ್ಟು ಹೋದ್ರಾ?"

"ಪರದೆ ಕೊಡಪ್ಪಾ."

"ತಮಾಷೆ ಮಾಡ್ತೀರಾ? ಬೆಳಿಗ್ಗೆ ನಾನು ಶಟರ್ ಎತ್ತೋ ಮುಂಚೆ ಬಂದು ನಿಂತಿದ್ರಲ್ಲ. ನನ್ನ ಮೊಮ್ಮಗಳ ಜ್ವರ ಇಳೀತಾ ಅಂತ ಬೇರೆ ಕೇಳಿದ್ರಿ."

ಟೈಲರಿಗೆ ಮೊಮ್ಮಗಳಿರುವುದೇ ಹಲ್ಲಕ್ಕನಿಗೆ ಗೊತ್ತಿರಲಿಲ್ಲ. ಯಾರನ್ನೋ ಕಂಡು ನನ್ನನ್ನು ಕಂಡೆ ಅಂದುಕೊಂಡಿದ್ದಾನೆ ಎಂದು ಗೊಣಗಿಕೊಂಡು ಮನೆಗೆ ಬಂದು ಬೀಗ ತೆಗೆದರು. ಒಳಕೋಣೆಯ ಕಿಟಕಿಗೆ ಹೊಸ ಪರದೆ ತೂಗುತ್ತಿತ್ತು. ಕೊಕ್ಕೆಗಳನ್ನು ಸಮನಾಗಿ ಹಾಕಿತ್ತು, ನೆರಿಗೆ ಕೂಡ ತಿದ್ದಿತ್ತು. ಗಾಳಿ ಇರಲಿಲ್ಲ. ಆದರೂ, ಈಗ ತಾನೇ ಯಾರೋ ಕೈಬಿಟ್ಟ ಹಾಗೆ ಬಟ್ಟೆ ಸ್ವಲ್ಪ ಅಲುಗುತ್ತಿತ್ತು.

"ಆ ದಿನ ದೆವ್ವ ಗಿವ್ವ ಅಂತ ಹೆದರಲಿಲ್ಲ," ಎಂದರು ಹಲ್ಲಕ್ಕ, ನನ್ನ ಸೆಟ್ಟಿನ ಒಳಗೆ ಪ್ಲಾಸ್ಟರ್ ಹುಯ್ಯುತ್ತ. "ವಯಸ್ಸಾಯ್ತು, ನಾನೇ ತಂದು ಮರೆತಿರಬೇಕು ಅಂದ್ಕೊಂಡೆ. ಹೆದರಿಕೆ ಆಗಿದ್ದು ಆ ಮರೆವಿಗೇ."

ಮರುದಿನ ಮೊದಲ ಎರಡು ಸಾಲುಗಳು ಹೀಗೇ ಆದವು. ಚಪ್ಪಲಿ ರಿಪೇರಿಯವನು, "ಕೊಟ್ಟೆನಲ್ಲಮ್ಮಾ, ಕಾಲಿಗೆ ಹಾಕ್ಕೊಂಡೇ ಹೋದ್ರಿ," ಎಂದ. ಅವರು ಬಗ್ಗಿ ತಮ್ಮ ಕಾಲು ನೋಡಿಕೊಂಡರು. ಹಳೆಯ ಚಪ್ಪಲಿಯೇ ಇತ್ತು. ಕರೆಂಟ್ ಬಿಲ್ಲಿನ ಕಿಟಕಿಯಲ್ಲಿ ಕೂತ ಹುಡುಗಿ, "ಮೇಡಂ, ನೀವು ಕಟ್ಟಿ ಹೋಗಿ ಅರ್ಧ ಗಂಟೆ ಆಗಿಲ್ಲ," ಎಂದು ವಿಚಿತ್ರವಾಗಿ ನೋಡಿದಳು. ಮನೆಗೆ ಬಂದರೆ ಬಾಗಿಲ ಒಳಗೆ ಹೆಬ್ಬೆರಳಿಗೆ ಹೊಸ ಉಂಗುಷ್ಠ ಹೊಲಿಸಿಕೊಂಡ ಚಪ್ಪಲಿ ಜೋಡಿ ಅಚ್ಚುಕಟ್ಟಾಗಿ ಗೋಡೆಗೆ ಒರಗಿತ್ತು. ಮುಟ್ಟಿ ನೋಡಿದರೆ ಒಳಗೆ ಇನ್ನೂ ಬಿಸಿ ಇತ್ತು.

ಹಲ್ಲಕ್ಕ ದಂತವೈದ್ಯರಮ್ಮನಿಗೆ ಎಲ್ಲ ಹೇಳಿದರು. ಆಕೆ ನರರೋಗದ ಡಾಕ್ಟರಿಗೆ ಚೀಟಿ ಕೊಟ್ಟರು. ಆ ಡಾಕ್ಟರು ಲೆಕ್ಕ ಕೇಳಿದರು, ಗಡಿಯಾರದ ಚಿತ್ರ ಬರೆಸಿದರು, ಐದು ಪದ ಹೇಳಿ ಬಹಳ ಹೊತ್ತಿನ ಮೇಲೆ ವಾಪಸ್ಸು ಹೇಳಿಸಿದರು. "ನಿಮ್ಮ ನೆನಪು ನನ್ನದಕ್ಕಿಂತ ಗಟ್ಟಿಯಾಗಿದೆ. ಆರಾಮಾಗಿರಿ," ಎಂದು ನಕ್ಕರು. ಅವರು ನಗುತ್ತಿರುವಾಗಲೇ ಹಲ್ಲಕ್ಕನ ಫೋನ್ ಬಡಿದುಕೊಂಡಿತು. ದಂತವೈದ್ಯರಮ್ಮ.

"ಏನ್ ಹಲ್ಲಕ್ಕಾ, ಡಾಕ್ಟರ್ ಹತ್ತಿರ ಹೋಗ್ಲೇ ಇಲ್ವಾ? ಸೆಟ್ಟಿನ ಡಬ್ಬಿ ಕೊಟ್ಟು ಏನೂ ಹೇಳದೆ ಓಡಿಹೋದ್ರಲ್ಲ."

ಆ ಡಬ್ಬಿಯನ್ನು ಹಲ್ಲಕ್ಕ ಬೆಳಿಗ್ಗೆ ತಮ್ಮ ಕೆಲಸದ ಮೇಜಿನ ಮೇಲಿಟ್ಟು, ಬಾಗಿಲಿಗೆ ಬೀಗ ಹಾಕಿ ಬಂದಿದ್ದರು. ಬೀಗದ ಕೈ ಅವರ ಸೊಂಟದ ಚೀಲದಲ್ಲಿತ್ತು. ಎದುರಿಗೆ ಡಾಕ್ಟರು ಇನ್ನೂ ನಗುಮುಖದಲ್ಲೇ ಕೂತಿದ್ದರು. ತಮಗೆ ಮರೆವಿನ ರೋಗವಿಲ್ಲ ಎಂದು ತಿಳಿದು ಅಷ್ಟು ದುಃಖಪಟ್ಟವರು ಆ ಆಸ್ಪತ್ರೆಯಲ್ಲಿ ಬೇರೆ ಯಾರೂ ಇದ್ದಿರಲಾರರು.

ಆಮೇಲೆ ಆ ಇನ್ನೊಬ್ಬಳು ದಿನವೂ ಬಂದಳು. ಹಾಗೆಂದರೆ, ಹಲ್ಲಕ್ಕನಿಗೆ ಕಾಣುವಂತೆ ಒಮ್ಮೆಯೂ ಬರಲಿಲ್ಲ. ಎಲ್ಲಿ ಹೋದರೂ ಅವಳು ಬಂದು ಹೋಗಿಯಾಗಿರುತ್ತಿತ್ತು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಬೀದಿಯವರಿಗೆ ಅವಳು ಹಿಡಿಸಿಬಿಟ್ಟಿದ್ದಳು. ಮೊದಲ ಮಹಡಿಯ ಮುದುಕರು ಎದುರಾದರೆ, "ಬೆಳಿಗ್ಗೆ ಎಷ್ಟು ಚೆನ್ನಾಗಿ ನಗ್ತಾ ಮಾತಾಡಿದ್ರಿ, ಈಗ ಯಾಕಮ್ಮ ಮುಖ ಗಂಟು?" ಎನ್ನುತ್ತಿದ್ದರು. ಹಣ್ಣಿನಂಗಡಿಯವಳು ದೂರದಿಂದಲೇ ಅರಳಿ, ಹತ್ತಿರ ಬಂದ ಮೇಲೆ ಏನೋ ತಪ್ಪಿದೆ ಎಂಬಂತೆ ಬಾಡುತ್ತಿದ್ದಳು. ಹಲ್ಲಕ್ಕ ಹಾದುಹೋದ ಮೇಲೆ ಜನ ತಿರುಗಿ ನೋಡುತ್ತಿದ್ದರು, ಇನ್ನೊಬ್ಬಳು ಹಿಂದೆ ಬರುತ್ತಿದ್ದಾಳೇನೋ ಎಂದು.

"ಹೊಟ್ಟೆಕಿಚ್ಚಾಗ್ತಿತ್ತು," ಎಂದರು ನನಗೆ. "ಹೆದರಿಕೆ ಇರ್ಲಿ ಬಿಡಿ. ನನ್ನ ಹೆಸರಲ್ಲಿ ಬೇರೆಯವಳು ಒಳ್ಳೆಯವಳು ಅನ್ನಿಸ್ಕೊಳ್ಳೋದು ಅಂದ್ರೆ ಏನು!"

ಒಂದು ದಿನ ಪಟ್ಟಿ ಬರೆಯದೆ ನೋಡಿದರು. ಅಂದು ಎಲ್ಲೂ ಅವಳ ಸುಳಿವಿರಲಿಲ್ಲ. ಆದರೆ ಹಲ್ಲಕ್ಕನೂ ಇರಲಿಲ್ಲ ಎನ್ನಬೇಕು. ಮಧ್ಯಾಹ್ನದವರೆಗೆ ಮಂಚದ ಅಂಚಿನಲ್ಲೇ ಕೂತಿದ್ದರು, ಚಿಕ್ಕಂದಿನಲ್ಲಿ ಕೂತ ಹಾಗೆ. ಎದ್ದು ಮೇಜಿಗೆ ಹೋದರೆ ಎಡದವಡೆಯ ಹಲ್ಲನ್ನು ಬಲಕ್ಕೆ ಕೂರಿಸಿದರು. ಮರುದಿನ ಪೆನ್ಸಿಲ್ ಕೈಗೆ ಬಂತು.

ಇಷ್ಟು ಹೊತ್ತಿಗೆ ಅವರು ಒಂದು ವಿಷಯ ಗಮನಿಸಿದ್ದರು. ಅವಳು ಪಟ್ಟಿಯ ಮೇಲಿನಿಂದ ಕೆಳಕ್ಕೆ ಬರುತ್ತಿದ್ದಳು. ಮೊದಮೊದಲು ಒಂದು ಸಾಲು, ಆಮೇಲೆ ಎರಡು, ಆಮೇಲೆ ಮೂರು. ಕೊನೆಯ ಸಾಲಿನಲ್ಲಿ ಏನಿದೆ ಎಂದು ಹಲ್ಲಕ್ಕ ನೋಡಿಕೊಳ್ಳಬೇಕಿರಲಿಲ್ಲ.

"ಆ ಸಾಲು ಬರೀದೇ ಬಿಡಬಹುದಿತ್ತಲ್ಲ?" ಎಂದು ನಾನು ಬೊಚ್ಚು ಬಾಯಲ್ಲಿ ಕೇಳಿದೆ.

"ಬಿಡಬಹುದಿತ್ತು. ಬಿಡಲಿಲ್ಲ." ದೀಪದ ಬತ್ತಿ ತಗ್ಗಿಸಿದರು. "ಯಾರಾದ್ರೂ ಸರಿ, ಒಬ್ಬರು ಹೋಗಿ ಬರ್ಲಿ ಅಂತ ಅನ್ನಿಸಿರ್ಬೇಕು."

ಒಂದು ಬುಧವಾರ ಹಾಗೇ ಆಯಿತು. ಔಷಧಿ ಅಂಗಡಿಯಲ್ಲಿ ಅವಳು ಬಂದು ಹೋಗಿದ್ದಳು. ಮೇಣದ ಅಂಗಡಿಯಲ್ಲಿ ಬಂದು ಹೋಗಿದ್ದಳು. ಬೀಗದ ಕೈ ಮಾಡುವವನು ಗೂಡಂಗಡಿಯಿಂದ ತಲೆ ಹೊರಹಾಕಿ, "ಇನ್ನೊಂದು ಕೀಲಿ ಕೊಟ್ಟಾಯ್ತಲ್ಲಕ್ಕಾ. ಅತ್ತಿಗೆ ಮನೆಗೆ ಹೋಗ್ಬೇಕು, ಬೇಗ ಮಾಡು ಅಂದ್ರಿ, ಮಾಡ್ಕೊಟ್ಟೆ," ಎಂದ.

ಹಲ್ಲಕ್ಕ ಮುಂದಿನ ಮಾತು ಕೇಳಲಿಲ್ಲ. ಅಲ್ಲಿಂದ ಓಡಿದರು. ಹತ್ತಿದ ಬಸ್ಸು ಸೇತುವೆಯ ಹತ್ತಿರ ನಿಂತುಬಿಟ್ಟಿತು, ಇಳಿದು ನಡೆದರು. ಏನಕ್ಕಾಗಿ ಓಡುತ್ತಿದ್ದೇನೆಂದು ಅವರಿಗೇ ಸ್ಪಷ್ಟವಿರಲಿಲ್ಲ. ಅವಳನ್ನು ತಡೆಯುವುದಕ್ಕೋ, ಅವಳಿಗಿಂತ ಮೊದಲು ಮುಟ್ಟುವುದಕ್ಕೋ. ಬೀದಿಯಲ್ಲಿ ಮುಂದೆ ಹೋಗುತ್ತಿದ್ದ ಪ್ರತಿ ಹೆಂಗಸಿನ ಬೆನ್ನೂ ತಮ್ಮದೇ ಬೆನ್ನಿನ ಹಾಗೆ ಕಂಡಿತು. ಆದರೆ ಮನುಷ್ಯ ತನ್ನ ಬೆನ್ನನ್ನು ಯಾವಾಗ ತಾನೇ ಸರಿಯಾಗಿ ನೋಡಿರುತ್ತಾನೆ?

ಅತ್ತಿಗೆಯ ಮನೆಯ ಬಾಗಿಲಿಗೆ ಹೊಸ ಬಣ್ಣ ಬಂದಿತ್ತು. ಬೆಲ್ ಒತ್ತಿದರು. ಒಳಗೆ ಕುರ್ಚಿ ಸರಿದ ಸದ್ದು, ಹಿಂದೆ ಎಲ್ಲೋ ಒಂದು ಅಗುಳಿ ತೆರೆದ ಸದ್ದು. ಬಾಗಿಲು ತೆರೆಯಿತು. ಅತ್ತಿಗೆಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರು ಹಲ್ಲಕ್ಕನನ್ನು ನೋಡಿದರು, ಒಮ್ಮೆ ತಿರುಗಿ ಒಳಗೆ ನೋಡಿದರು, ಮತ್ತೆ ಹಲ್ಲಕ್ಕನನ್ನು ನೋಡಿದರು.

"ಓ," ಎಂದರು. "ನೀನಾ."

ಮುಂದಿನ ಕೋಣೆಯಲ್ಲಿ ಅಣ್ಣನ ಮಂಚ ಇದ್ದ ಕಡೆಯೇ ಇತ್ತು. ಅದರ ಪಕ್ಕದಲ್ಲಿ ಎರಡು ಕುರ್ಚಿ, ನಡುವೆ ಸ್ಟೂಲಿನ ಮೇಲೆ ಎರಡು ಕಪ್ಪು. ಎರಡರಲ್ಲೂ ಹಬೆ ಆಡುತ್ತಿತ್ತು.

"ಅವಳು ಎಲ್ಲಿ?" ಎಂದರು ಹಲ್ಲಕ್ಕ.

"ನಿನ್ನ ಬೆಲ್ ಕೇಳಿ ಹಿಂದಿನ ಬಾಗಿಲಿಂದ ಹೋದ್ಲು. ನೋಡ್ಬೇಕಿದ್ರೆ ಹೋಗಿ ನೋಡು, ಇನ್ನೂ ಓಣಿ ದಾಟಿರಲ್ಲ."

ಅಡುಗೆಮನೆಯ ಆಚೆ ಹಿಂಬಾಗಿಲು ಅರ್ಧ ತೆರೆದಿತ್ತು. ಅದರ ಕದ ನಿಧಾನವಾಗಿ ಆಡುತ್ತಿತ್ತು. ಹಲ್ಲಕ್ಕ ಒಂದು ಹೆಜ್ಜೆ ಇಟ್ಟರು. ಅಲ್ಲೇ ನಿಂತರು.

"ಅದು ನಾನಲ್ಲ ಅಂತ ನಿಮಗೆ..."

"ಬಾಗಿಲು ತೆಗೆದಾಗಲೇ ಗೊತ್ತಾಯ್ತು. ಎಲ್ಲ ನಿನ್ನ ಹಾಗೇ ಇದ್ಲು. ಅದೇ ಬಟ್ಟೆ, ಉಗುರ ಸಂದಿಯಲ್ಲಿ ಅದೇ ಮೇಣ. ಆದ್ರೆ ಒಳಗೆ ಬರುವಾಗ ಗೋಡೆ ಗಡಿಯಾರ ನೋಡಲಿಲ್ಲ."

"ಹೆದರಿಕೆ ಆಗ್ಲಿಲ್ವಾ ಅತ್ತಿಗೆ?"

"ಆಗದೆ ಏನು? ಹೆದರಿಕೊಂಡೇ ಟೀ ಮಾಡಿದೆ."

"ಮತ್ತೆ ಯಾಕೆ ಒಳಗೆ ಬಿಟ್ರಿ?"

ಅತ್ತಿಗೆ ತಮ್ಮ ಕುರ್ಚಿಯಲ್ಲಿ ಕೂತು ಕಪ್ಪು ಎತ್ತಿಕೊಂಡರು. "ಅವಳು ಬಂದು ಕೂತ್ಲು. ಅಷ್ಟೇ ನೋಡು. ನೀನು ಈ ಮನೇಲಿ ಯಾವತ್ತಾದ್ರೂ ಕೂತಿದ್ದೀಯಾ? ಮಂಚದ ಮೇಲೆ ಕೈಯಿಟ್ಟು ಅತ್ತಳು. ಆಮೇಲೆ ಒಂದು ಮಾತು ಕೇಳಿದ್ಲು. ಅದನ್ನ ಯಾರಾದ್ರೂ ಕೇಳ್ತಾರಾ ಅಂತ ಇಷ್ಟು ವರ್ಷ ಕಾದಿದ್ದೆ ನಾನು."

"ಏನು ಕೇಳಿದ್ಲು?"

"ಕೊನೆಗೆ ಅಣ್ಣ ಹೇಗಿದ್ರು ಅಂತ."

"ನೀವು ಏನಂದ್ರಿ?"

"ಅವಳಿಗೆ ಹೇಳಿದ್ದು ಅವಳಿಗೆ. ನಿನಗೆ ಬೇಕಿದ್ರೆ ನೀನು ಕೇಳು."

ಹಲ್ಲಕ್ಕ ಖಾಲಿ ಕುರ್ಚಿಯಲ್ಲಿ ಕೂತರು. ಅದು ಬೆಚ್ಚಗಿತ್ತು. ಎದ್ದುಬಿಡೋಣ ಅನ್ನಿಸಿತು, ಏಳಲಿಲ್ಲ. ಅತ್ತಿಗೆ ಕಾದರು.

"ಅಣ್ಣ... ಕೊನೆಗೆ ಹೇಗಿದ್ದ?"

"ನೋವು ಇರಲಿಲ್ಲ. ನೀನು ಆವತ್ತು ಬೆಳಿಗ್ಗೆ ಒಗೆದು ಹಾಸಿದ್ಯಲ್ಲ ಚಾದರ, ಅದರ ಅಂಚು ಮುಷ್ಟಿಯಲ್ಲಿ ಹಿಡ್ಕೊಂಡಿದ್ರು. 'ಪುಟ್ಟಿ ಬಂದ್ಲಾ' ಅಂದ್ರು. ಬಂದ್ಲು ಅಂದೆ. ಸುಳ್ಳೇ ಹೇಳಿದೆ. ಅವರು ಬಾಗಿಲ ಕಡೆ ನೋಡಿ ನಕ್ಕರು."

ಇದನ್ನು ಹೇಳುವಾಗ ಹಲ್ಲಕ್ಕ ನನ್ನ ಕಡೆ ನೋಡಲಿಲ್ಲ. ಬಿಸಿನೀರಿನ ಪಾತ್ರೆಯಿಂದ ನನ್ನ ಸೆಟ್ಟನ್ನು ತೆಗೆದು, ಕೂಡಿಸಿದ ಜಾಗವನ್ನು ಯಂತ್ರಕ್ಕೆ ಹಿಡಿದು ಉಜ್ಜಿದರು, ತೊಳೆದರು, ನನ್ನ ಕೈಗಿಟ್ಟರು. ಎಲ್ಲಿ ಮುರಿದಿತ್ತೆಂದು ಬೆರಳಿಗೂ ತಿಳಿಯುವಂತಿರಲಿಲ್ಲ. ಹಾಕಿಕೊಂಡೆ. ಬಾಯಿ ಬಂದ ಮೇಲೆ ನಾನು ಕೇಳಿದ ಮೊದಲ ಮಾತು ಇದು: "ಅವಳನ್ನ ನೀವು ಒಮ್ಮೆಯೂ ನೋಡಲಿಲ್ವಾ?"

ಇಲ್ಲ ಎಂದರು. ಆ ಬುಧವಾರದ ನಂತರ ಬೀದಿಯ ಕೆಲಸಗಳಿಗೆ ಅವಳು ಕೈ ಹಾಕಲಿಲ್ಲ. ಟೈಲರ್, ಚಪ್ಪಲಿಯವನು ಎಲ್ಲರೂ ಮತ್ತೆ ಹಲ್ಲಕ್ಕನಿಗೇ ಉಳಿದರು. ಟೈಲರಿನ ಮೊಮ್ಮಗಳ ವಿಷಯವನ್ನು ಈಗ ಅವರೇ ಕೇಳಬೇಕಾಯಿತು, ಮೊದಮೊದಲು ನಾಚಿಕೆಯಾಗುತ್ತಿತ್ತಂತೆ. ಭಾನುವಾರ ಅತ್ತಿಗೆಯ ಮನೆಗೆ ಹೋಗುವುದು ರೂಢಿಯಾಯಿತು. ಒಮ್ಮೆ, ಭಾನುವಾರ ಕೆಲಸವಿದೆ, ಬುಧವಾರ ಬರುತ್ತೇನೆ ಎಂದರೆ ಅತ್ತಿಗೆ ಗಾಬರಿಯಾದರು.

"ಬುಧವಾರ ಬೇಡ ಕಣೆ. ಬುಧವಾರ ಅವಳು ಬರ್ತಾಳೆ."

ಹಲ್ಲಕ್ಕ ಕಪ್ಪು ಕೆಳಗಿಟ್ಟರು. "ಈಗಲೂ ಬರ್ತಾಳಾ? ಏನು ಮಾತಾಡ್ತೀರಿ ಇಬ್ಬರೂ?"

"ಇನ್ನೇನು ಮಾತಾಡ್ತೀವಿ, ನಿನ್ನ ವಿಷಯಾನೇ. ಸರಿಯಾಗಿ ಊಟ ಮಾಡಲ್ವಂತೆ ನೀನು."

ಅಲ್ಲಿಂದ ಮುಂದೆ ಹಲ್ಲಕ್ಕ ಬುಧವಾರ ಹೊರಗೆ ಕಾಲಿಡುತ್ತಿರಲಿಲ್ಲ. ಇಬ್ಬರೂ ಒಂದೇ ರಸ್ತೆಯಲ್ಲಿ ಎದುರಾಗುವುದು ಬೇಡ ಎಂದು. ಅತ್ತಿಗೆಯ ಮೈಯಲ್ಲಿ ಕಸುವು ಕಡಿಮೆಯಾಗುತ್ತ ಬಂತು. ಹಲ್ಲಕ್ಕ ಭಾನುವಾರ ಹೋಗುವಷ್ಟರಲ್ಲಿ ಔಷಧಿ ಬಂದಿರುತ್ತಿತ್ತು, ಬಟ್ಟೆ ಒಗೆದಿರುತ್ತಿತ್ತು, ನೆಲ ಒರೆಸಿರುತ್ತಿತ್ತು. ಯಾರು ಮಾಡಿದರೆಂದು ಇಬ್ಬರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಹಲ್ಲಕ್ಕನಿಗೆ ಉಳಿದ ಕೆಲಸ ಒಂದೇ. ಕೂರುವುದು.

ಕಳೆದ ಚಳಿಗಾಲದ ಒಂದು ಬುಧವಾರ, ಸಾಯಂಕಾಲದ ಬಿಸಿಲು ಇನ್ನೂ ಕಿಟಕಿಯಲ್ಲಿರುವಾಗ, ಅತ್ತಿಗೆಯ ಪಕ್ಕದ ಮನೆಯ ಹೆಂಗಸು ಫೋನ್ ಮಾಡಿದಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. "ಅಕ್ಕಾ, ಎಲ್ಲಿಗೆ ಹೋದ್ರಿ? ಈಗ ತಾನೇ ಇಲ್ಲೇ ಇದ್ರಲ್ಲ. ನೀವು ಕೂಗಿದ್ದು ಕೇಳಿ ಬಂದೆ, ನೀವು ಅವರ ಕೈ ಹಿಡ್ಕೊಂಡು ಕೂತಿದ್ರಿ. ನೀರು ತರೋಕೆ ಒಳಗೆ ಹೋಗಿ ಬರೋದ್ರಲ್ಲಿ ನೀವಿಲ್ಲ. ಅತ್ತಿಗೆ ಹೋಗ್ಬಿಟ್ಟಿದ್ದಾರಕ್ಕಾ."

ಹಲ್ಲಕ್ಕ ಹೋಗಿ ಆಗಬೇಕಾದದ್ದನ್ನೆಲ್ಲ ಮಾಡಿಸಿದರು. ಅತ್ತಿಗೆಯ ಬಲಗೈ ಬೆರಳುಗಳ ನಡುವೆ ಗುಲಾಬಿ ಮೇಣದ ಒಂದು ಚೂರು ಅಂಟಿಕೊಂಡಿತ್ತು. ಅದನ್ನು ಅವರು ಬಿಡಿಸಲಿಲ್ಲ.

"ಹೇಗನ್ನಿಸ್ತು ನಿಮಗೆ?" ಎಂದು ನಾನು ಕೇಳಿದೆ.

"ಎರಡನೇ ಸಲವೂ ನಾನು ಇರ್ಲಿಲ್ಲವಲ್ಲ ಅಂತ ಸಂಕಟ ಆಯ್ತು. ಅವರ ಕೈಯನ್ನ ಒಬ್ಬರು ಹಿಡ್ಕೊಂಡಿದ್ರಲ್ಲ ಅಂತ ಸಮಾಧಾನಾನೂ ಆಯ್ತು. ಯಾವುದು ಜಾಸ್ತಿ ಅಂತ ಇನ್ನೂ ತಿಳಿದಿಲ್ಲ." ದೀಪ ಆರಿಸಿದರು. "ಅವಳು ಮತ್ತೆ ಬಂದಿಲ್ಲ. ಬುಧವಾರ ಬಂತು ಅಂದ್ರೆ, ಅವಳು ಬರ್ಬಹುದು ಅಂತ ಬಾಗಿಲು ತೆಗೆದೇ ಇಟ್ಟಿರ್ತೀನಿ. ಯಾರೋ ಬರೋ ಸದ್ದು ಮೆಟ್ಟಿಲ ಮೇಲೆ ಆಗುತ್ತೆ, ಎದ್ದು ನೋಡಿದ್ರೆ ಮೇಲಿನ ಮನೆಯವರು."